ನಿವೃತ್ತರ ವಸತಿಯಲ್ಲಿ ಉಪನ್ಯಾಸಪೀಠ: ವಿಶ್ವವಿದ್ಯಾನಿಲಯದ ಪ್ರಸಾರಕಾರ್ಯದ ಇತಿಹಾಸದಲ್ಲಿ ಒಂದು ಅಧ್ಯಾಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಉದ್ಯೋಗದಿಂದ ವಿಶ್ರಾಂತರಾದವರ ವಾಸಕ್ಕೆಂದೇ ನಿರ್ಮಿತವಾದ ವಸತಿಗಳು ಬಹುಸಂಖ್ಯೆಯಲ್ಲಿ ಉಂಟು. ಅವುಗಳ ಪೈಕಿ ತಕ್ಕಮಟ್ಟಿಗೆ ಅನುಕೂಲವುಳ್ಳ ಒಂದನ್ನು ಹೊಕ್ಕು ನೋಡಿದರೆ ಭೋಜನಶಾಲೆ, ವೈದ್ಯಶಾಲೆ, ವ್ಯಾಯಾಮಶಾಲೆಗಳ ಸಾಲಿನಲ್ಲಿ ಉಪನ್ಯಾಸಮಂದಿರವೊಂದನ್ನು ಕಾಣುವುದು ಇಂದು ಅಪರೂಪವಲ್ಲ. ಸಮೀಪದ ಕಾಲೇಜಿನ ಅಧ್ಯಾಪಕರೊಬ್ಬರು ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾರೆ. ಆರೆಂಟು ವಾರಗಳ ಕಾಲ ರೋಮಿನ ಇತಿಹಾಸವನ್ನೋ ಷೇಕ್ಸ್‌ಪಿಯರನ ನಾಟಕಗಳನ್ನೋ ಖಗೋಳವಿಜ್ಞಾನವನ್ನೋ ಕುರಿತು ಉಪನ್ಯಾಸ ಮಾಡುತ್ತಾರೆ. ಕೇಳುವವರು ಎಪ್ಪತ್ತು, ಎಂಬತ್ತು, ತೊಂಬತ್ತು ವರ್ಷ ವಯಸ್ಸಿನವರು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಹಾಜರಿಯ ಕಟ್ಟಳೆಯೂ ಸಾಮಾನ್ಯವಾಗಿ ಇಲ್ಲ. ಬೇಕೆನಿಸಿದವರು ಬರುತ್ತಾರೆ, ಆಲಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ಊಟದ ಹೊತ್ತಿಗೆ ಏಳುತ್ತಾರೆ.

ಕನ್ನಡದಲ್ಲಿ ಇಂಥ ವಸತಿಗಳನ್ನು ‘ವೃದ್ಧಾಶ್ರಮ’ವೆಂದು ಕರೆದರೆ ಅರ್ಥ ಕೆಡುವುದು. ನಮ್ಮ ವ್ಯವಹಾರದಲ್ಲಿ ಆ ಶಬ್ದಕ್ಕೆ ಅನಾಥತ್ವದ, ಮಕ್ಕಳಿಂದ ದೂರವಾದವರ ಆಶ್ರಯವೆಂಬ ಛಾಯೆಯುಂಟು. ಇಲ್ಲಿ ಹೇಳುತ್ತಿರುವ ವಸತಿಗಳಾದರೋ ಹಣವುಳ್ಳವರು ತಾವಾಗಿಯೇ ಆರಿಸಿಕೊಂಡು, ಮನೆಯನ್ನು ಕೊಂಡೋ ಬಾಡಿಗೆಗೆ ಹಿಡಿದೋ, ಸ್ವತಂತ್ರವಾಗಿ ಬಾಳುವ ನೆಲೆಗಳು. ಮುಂದೆ ಶಕ್ತಿ ಕುಂದಿದಾಗ ಅದೇ ಆವರಣದಲ್ಲಿ ಶುಶ್ರೂಷೆ ದೊರೆಯುವ ಏರ್ಪಾಡು ಹಲವೆಡೆ ಇರುತ್ತದೆ. ಆದುದರಿಂದ ಈ ಲೇಖನದಲ್ಲಿ ‘ನಿವೃತ್ತರ ವಸತಿ’ ಎಂಬ ಮಾತನ್ನೇ ಬಳಸಲಾಗಿದೆ.

ಈ ಉಪನ್ಯಾಸಗಳನ್ನು ವೃದ್ಧರ ಕಾಲಕ್ಷೇಪದ ಸಾಧನವೆಂದು ಭಾವಿಸಿ ಇತಿಹಾಸಕಾರರು ಬದಿಗೆ ಸರಿಸಿರುವುದು ಸಹಜ. ಆದರೆ ಇವುಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾನಿಲಯದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗಾಗಿ ಹುಟ್ಟಿದ ಒಂದು ಚಳವಳಿಯನ್ನು ತಲಪುತ್ತೇವೆ. ಹೆಂಗಸರಿಗಾಗಿ, ಕೈಕಸಬಿನವರಿಗಾಗಿ ಊರೂರಿಗೆ ಹೊರಟ ಉಪನ್ಯಾಸವು ಒಂದೂವರೆ ಶತಮಾನದ ತರುವಾಯ, ಬಹುಮಟ್ಟಿಗೆ ಆಗಲೇ ಪದವಿಯನ್ನೂ ಪಿಂಚಣಿಯನ್ನೂ ಪಡೆದವರ ಮನೆಬಾಗಿಲಿಗೆ ಬಂದು ನಿಂತಿದೆ. ಇದು ಹೇಗಾಯಿತು, ಈ ದಾರಿಯಲ್ಲಿ ಉಪನ್ಯಾಸವು ಏನನ್ನು ಕಳೆದುಕೊಂಡಿತು, ಏನನ್ನು ಉಳಿಸಿಕೊಂಡಿತು ಎಂಬುದೇ ಇಲ್ಲಿನ ವಿಚಾರ.

ಮುದಿವಯಸ್ಸಿನಲ್ಲಿ ಕಲಿಯಬಹುದೆಂಬ ಭಾವನೆ ಹೊಸತೇನಲ್ಲ. ಸಿಸೆರೋ ವೃದ್ಧಾಪ್ಯವನ್ನು ಕುರಿತು ಕ್ರಿ. ಪೂ. ೪೪ರಲ್ಲಿ ಬರೆದ ಗ್ರಂಥದಲ್ಲಿ, ಮುಪ್ಪಿನಲ್ಲಿ ಗ್ರೀಕ್ ಸಾಹಿತ್ಯವನ್ನು ಅಭ್ಯಾಸಮಾಡಿದ ಕೇಟೋವಿನ ಬಾಯಲ್ಲಿಯೇ ಮುಪ್ಪಿನ ಸಮರ್ಥನೆಯನ್ನು ಆಡಿಸಿದ್ದಾನೆ. ಹದಿನೇಳನೆಯ ಶತಮಾನದ ಶಿಕ್ಷಣತಜ್ಞ ಕೊಮೇನಿಯಸ್ ಮನುಷ್ಯನ ಆಯುಸ್ಸನ್ನೆಲ್ಲ ಪಾಠಶಾಲೆಗಳ ಒಂದು ಶ್ರೇಣಿಯಾಗಿ ಕಲ್ಪಿಸಿ ಅದರಲ್ಲಿ ವೃದ್ಧಾಪ್ಯಕ್ಕೂ ಒಂದು ಶಾಲೆಯನ್ನು ಇಟ್ಟನು. ಆದರೆ ಆ ಬರವಣಿಗೆ ಹಸ್ತಪ್ರತಿಯಾಗಿಯೇ ಮರೆಯಾಗಿದ್ದು, ಜರ್ಮನಿಯ ಹಾಲೆ ನಗರದಲ್ಲಿ ಬೆಳಕಿಗೆ ಬಂದುದು ೧೯೩೦ರ ದಶಕದಲ್ಲಿ. ಆದಕಾರಣ ನಡುವಣ ಕಾಲದ ಯಾವ ಸಂಸ್ಥೆಗೂ ಅದು ಪ್ರೇರಣೆಯಾಗಿರಲಾರದು. ನಮ್ಮವರು ಇಂಥ ಪ್ರಸಂಗದಲ್ಲಿ ವಾನಪ್ರಸ್ಥವನ್ನು ನೆನೆಯುವುದುಂಟು. ಹೋಲಿಕೆ ಆಕರ್ಷಕವಾದರೂ ಇತಿಹಾಸದ ದೃಷ್ಟಿಯಿಂದ ನಿರುಪಯುಕ್ತ. ವಾನಪ್ರಸ್ಥನು ಗೃಹವನ್ನು ತೊರೆದು ಹೋಗುವವನು. ನಿವೃತ್ತರ ವಸತಿಯನ್ನು ಸೇರುವವನು ಇನ್ನೊಂದು ಗೃಹವನ್ನು, ಅದೂ ಹೆಚ್ಚು ಅನುಕೂಲವುಳ್ಳದ್ದನ್ನು, ಕೊಳ್ಳುವವನು. ಭಾವನೆಗಳ ಸಾಮ್ಯವನ್ನು ಹುಡುಕುವುದಕ್ಕಿಂತ ಸಂಸ್ಥೆಗಳ ಸಂತತಿಯನ್ನು ಹುಡುಕುವುದೇ ಇಲ್ಲಿ ಫಲಕಾರಿ.

ಆ ಸಂತತಿಯ ಮೂಲಪುರುಷನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಜೇಮ್ಸ್ ಸ್ಟೂವರ್ಟ್. ಉತ್ತರ ಇಂಗ್ಲೆಂಡಿನ ನಗರಗಳಲ್ಲಿ ಸ್ತ್ರೀಯರ ಉಚ್ಚ ಶಿಕ್ಷಣಕ್ಕಾಗಿ ಆನ್ ಕ್ಲಫ್, ಜೋಸೆಫೀನ್ ಬಟ್ಲರ್ ಮೊದಲಾದವರು ಸಂಘಟಿತರಾಗಿದ್ದರು. ಅವರ ಆಹ್ವಾನದ ಮೇರೆಗೆ ೧೮೬೭ರಲ್ಲಿ ಸ್ಟೂವರ್ಟನು ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಷೆಫೀಲ್ಡ್ ನಗರಗಳನ್ನು ರೈಲಿನಲ್ಲಿ ಸುತ್ತುತ್ತ ಒಂದೇ ಉಪನ್ಯಾಸಮಾಲೆಯನ್ನು ನಾಲ್ಕೂ ಕಡೆ ನಡೆಸಿದನು. ವಿಷಯ ಖಗೋಳವಿಜ್ಞಾನ. ಒಂದೊಂದು ಬಿಡಿ ಭಾಷಣದಿಂದ ಪ್ರಯೋಜನವಿಲ್ಲ, ಕ್ರಮವಾಗಿ ಸಾಗುವ ಮಾಲೆಯೇ ಬೇಕು ಎಂಬುದು ಅವನ ನಿಲುವು. ಕೇಳುಗರಿಗೆ ಟಿಪ್ಪಣಿ ಮಾಡಿಕೊಳ್ಳುವ ರೀತಿ ತಿಳಿಯಲೆಂದು ಪ್ರತಿ ಉಪನ್ಯಾಸದ ಸಾರಾಂಶವನ್ನು ಅಚ್ಚುಹಾಕಿಸಿ ಹಂಚಿದನು. ತರುಣನೊಬ್ಬನು ತರುಣಿಯರನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುವುದು ಆ ಕಾಲದ ಶಿಷ್ಟಾಚಾರಕ್ಕೆ ಒಪ್ಪುತ್ತಿರಲಿಲ್ಲ. ಆದುದರಿಂದ ಪ್ರಶ್ನೆಗಳನ್ನು ಬರೆದುಕೊಟ್ಟು, ಉತ್ತರಗಳನ್ನು ಟಪಾಲಿನಲ್ಲಿ ತರಿಸಿಕೊಂಡು, ತಿದ್ದಿ ಕಳುಹಿಸಿದನು. ಸಂಕೋಚದಿಂದ ಹುಟ್ಟಿದ ಈ ಪದ್ಧತಿ ಮುಂದೆ ಲಿಖಿತಾಭ್ಯಾಸವೆಂಬ ಗಂಭೀರವಾದ ಶಿಕ್ಷಣಕ್ರಮವಾಗಿ ನೆಲೆನಿಂತಿತು. ಶಿಕ್ಷಣದ ಇತಿಹಾಸದಲ್ಲಿ ಉತ್ತಮ ಪದ್ಧತಿಗಳೆಲ್ಲ ತತ್ತ್ವಚಿಂತನೆಯಿಂದಲೇ ಹುಟ್ಟಿದವೆಂದು ಬಗೆಯುವವರು ಇದನ್ನು ಗಮನಿಸಬೇಕು.

ಎರಡನೆಯ ಅಂಶವು ಕಾರ್ಮಿಕರಿಂದ ಬಂದಿತು. ೧೮೪೪ರಲ್ಲಿ ಸಹಕಾರಸಂಘವನ್ನು ಸ್ಥಾಪಿಸಿ ಪ್ರಸಿದ್ಧರಾದ ರಾಚ್‌ಡೇಲಿನ ಕೈಕಸಬಿನವರು ಸ್ಟೂವರ್ಟನನ್ನು ತಮ್ಮ ಸಭಾಮಂದಿರಕ್ಕೆ ಕರೆಸಿಕೊಂಡಿದ್ದರು. ಮುಂದಿನ ವಾರಕ್ಕೂ ಬೇಕಾಗಿದ್ದ ನಕ್ಷೆಗಳನ್ನು ಅವನು ಗೋಡೆಯ ಮೇಲೆಯೇ ಬಿಟ್ಟುಹೋದನು. ಮರಳಿ ಬಂದಾಗ ಸಂಘದ ಸದಸ್ಯರು ಆ ನಕ್ಷೆಗಳ ಮುಂದೆ ನಿಂತು ತಮ್ಮತಮ್ಮಲ್ಲಿ ಚರ್ಚಿಸಿದ್ದರೆಂದೂ ಅವನನ್ನು ಕೇಳಲು ಪ್ರಶ್ನೆಗಳು ಸಿದ್ಧವಾಗಿವೆಯೆಂದೂ ತಿಳಿದುಬಂದಿತು. ಉಪನ್ಯಾಸದ ಜೊತೆಗೆ ಒಂದು ಚರ್ಚಾತರಗತಿಯನ್ನು ನಡೆಸುವ ಸಂಪ್ರದಾಯ ಇಲ್ಲಿಂದ ಮೊದಲಾಯಿತು. ಹೀಗೆ ಕ್ರಮಬದ್ಧವಾದ ಮಾಲೆ, ಅಚ್ಚಾದ ಸಾರಾಂಶ, ಲಿಖಿತ ಉತ್ತರ, ಚರ್ಚೆಯ ತರಗತಿ ಎಂಬ ನಾಲ್ಕು ಅಂಗಗಳು ಕೂಡಿ ಆದುದೇ ವಿಶ್ವವಿದ್ಯಾನಿಲಯದ ಪ್ರಸಾರೋಪನ್ಯಾಸ. ೧೮೭೩ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಇದನ್ನು ತನ್ನದಾಗಿ ಅಂಗೀಕರಿಸಿ ನಾಟಿಂಗ್‌ಹ್ಯಾಮ್, ಡರ್ಬಿ, ಲೆಸ್ಟರ್ ನಗರಗಳಲ್ಲಿ ಆರಂಭಿಸಿತು. ಆಕ್ಸ್‌ಫರ್ಡ್ ೧೮೭೮ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು.

ಈ ನಾಲ್ಕು ಅಂಗಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವು ಒಂದೊಂದಾಗಿ ಕಳಚಿಕೊಳ್ಳುವುದನ್ನು ಕಾಣುತ್ತೇವೆ. ಜೊತೆಗೆ ಹಣದ ಪ್ರಶ್ನೆಯನ್ನೂ ಮರೆಯಲಾಗದು. ಪ್ರಸಾರೋಪನ್ಯಾಸಗಳಿಗೆ ಸರ್ಕಾರದ ಆಧಾರವಿರಲಿಲ್ಲ. ಉಪನ್ಯಾಸಕನ ಸಂಭಾವನೆಯನ್ನು ಸ್ಥಳೀಯರೇ ಕೂಡಿಸಬೇಕಾಗಿತ್ತು. ನಾರ್ತಂಬರ್‌ಲೆಂಡಿನ ಕಲ್ಲಿದ್ದಲ ಗಣಿಯ ಕೂಲಿಗಳು ಅತ್ಯಂತ ಶ್ರದ್ಧೆಯಿಂದ ಈ ತರಗತಿಗಳನ್ನು ನಡೆಸಿಕೊಂಡು ಬಂದಿದ್ದರೂ ೧೮೮೭ರ ಮುಷ್ಕರದಲ್ಲಿ ಅವರ ಕೈ ಬರಿದಾದೊಡನೆ ತರಗತಿಗಳೂ ನಿಂತುಹೋದವು. ಮಧ್ಯಾಹ್ನದ ಉಪನ್ಯಾಸಗಳಿಗೆ ಬರುತ್ತಿದ್ದ ಅನುಕೂಲಸ್ಥ ಕುಟುಂಬಗಳ ಸ್ತ್ರೀಯರ ಶುಲ್ಕದಿಂದಲೇ ಅನೇಕ ಊರುಗಳಲ್ಲಿ ಚಳವಳಿ ಉಸಿರಾಡಿತು. ಯಾರು ಹಣ ತೆರಬಲ್ಲರೋ ಅವರ ಕಡೆಗೆ ಉಪನ್ಯಾಸವು ವಾಲುವ ಪ್ರವೃತ್ತಿ ಹೀಗೆ ಮೊದಲನೆಯ ತಲೆಮಾರಿನಲ್ಲಿಯೇ ಕಾಣಿಸಿಕೊಂಡಿತ್ತು. ಇದಕ್ಕೆ ಪ್ರತಿಯಾಗಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ೧೯೦೩ರಲ್ಲಿ ಸ್ಥಾಪಿಸಿದ ಕಾರ್ಮಿಕ ಶಿಕ್ಷಣ ಸಂಘವು ಉಪನ್ಯಾಸಕ್ಕಿಂತ ತರಗತಿಯನ್ನೇ ಮುಖ್ಯಮಾಡಿಕೊಂಡಿತು. ಆರ್. ಎಚ್. ಟಾನಿ ೧೯೦೮ರಲ್ಲಿ ರಾಚ್‌ಡೇಲ್ ಮತ್ತು ಲಾಂಗ್ಟನ್‌ಗಳಲ್ಲಿ ನಡೆಸಿದ ತರಗತಿಗಳಲ್ಲಿ ಒಂದು ಗಂಟೆ ಪಾಠ, ಇನ್ನೊಂದು ಗಂಟೆ ಚರ್ಚೆ. ಮೂರು ವರ್ಷಗಳ ಅಧ್ಯಯನ. ಹದಿನೈದು ದಿನಕ್ಕೊಂದು ಪ್ರಬಂಧ.

ಅಟ್ಲಾಂಟಿಕ್ ಸಾಗರದ ಆಚೆಗೆ ಬೇರೊಂದು ಬಗೆಯ ಉಪನ್ಯಾಸಪೀಠ ಬೆಳೆಯಿತು. ಪಾದ್ರಿ ಜಾನ್ ಹೈಲ್ ವಿನ್ಸೆಂಟ್ ಮತ್ತು ಕೈಗಾರಿಕೋದ್ಯಮಿ ಲೂಯಿಸ್ ಮಿಲ್ಲರ್ ಎಂಬಿಬ್ಬರು ೧೮೭೪ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮ ಭಾಗದ ಷಟಾಕ್ವ ಸರೋವರದ ದಡದಲ್ಲಿ ರವಿವಾರದ ಶಾಲೆಗಳ ಉಪಾಧ್ಯಾಯರಿಗಾಗಿ ಏರ್ಪಡಿಸಿದ ಬೇಸಗೆಯ ಶಿಬಿರವು, ಕೆಲವೇ ವರ್ಷಗಳಲ್ಲಿ ಸಕಲ ವಿದ್ಯಾವಿಷಯಗಳ ಮೇಳವಾಯಿತು. ೧೮೭೮ರಲ್ಲಿ ಅವರು ಹೂಡಿದ ನಾಲ್ಕು ವರ್ಷಗಳ ವಾಚನಕ್ರಮವು ದೂರದ ಹಳ್ಳಿಗಳ ಗೃಹಿಣಿಯರನ್ನೂ ತಲಪಿತು. ವಿದ್ಯೆ, ವಿಹಾರ, ಸಹವಾಸ ಈ ಮೂರನ್ನೂ ಒಂದೇ ಸ್ಥಳದಲ್ಲಿ ಕೂಡಿಸಿದ್ದು ಷಟಾಕ್ವದ ವೈಶಿಷ್ಟ್ಯ. ಇಂದಿನ ನಿವೃತ್ತರ ವಸತಿಯ ಉಪನ್ಯಾಸಮಂದಿರದಲ್ಲಿ ಟಾನಿಯ ತರಗತಿಗಿಂತ ಈ ಸರೋವರತೀರದ ಗಾಳಿಯೇ ಹೆಚ್ಚಾಗಿ ಬೀಸುತ್ತಿದೆಯೆನ್ನಬಹುದು.

ಇಲ್ಲಿಯವರೆಗೆ ಹೇಳಿದ ಯಾವ ಯೋಜನೆಯೂ ವೃದ್ಧರನ್ನು ಉದ್ದೇಶಿಸಿದುದಲ್ಲ. ಕಾರಣ ಸ್ಪಷ್ಟ: ‘ನಿವೃತ್ತ’ನೆಂಬ ಸಾಮಾಜಿಕ ವ್ಯಕ್ತಿ ಇನ್ನೂ ಹುಟ್ಟಿರಲಿಲ್ಲ. ದುಡಿಯುವ ಜನರು ಮೈಯಲ್ಲಿ ಕಸುವಿರುವ ತನಕ ದುಡಿದು, ಆಮೇಲೆ ಮಕ್ಕಳನ್ನೋ ಧರ್ಮವನ್ನೋ ಆಶ್ರಯಿಸುತ್ತಿದ್ದರು. ಜರ್ಮನಿಯ ೧೮೮೯ರ ಶಾಸನ, ಬ್ರಿಟನ್ನಿನ ೧೯೦೮ರ ಶಾಸನ, ಅಮೆರಿಕದ ೧೯೩೫ರ ಸಾಮಾಜಿಕ ಭದ್ರತಾ ಶಾಸನ ಇವುಗಳಿಂದ ವೃದ್ಧಾಪ್ಯವೇತನವು ವ್ಯಾಪಕವಾಯಿತು. ಮೊದಮೊದಲು ಜರ್ಮನಿ ಬ್ರಿಟನ್ನುಗಳೆರಡರಲ್ಲಿಯೂ ಎಪ್ಪತ್ತು ವರ್ಷ ತುಂಬಿದವರಿಗೇ ಅದು ಸಲ್ಲುತ್ತಿತ್ತು. ಅಷ್ಟು ಕಾಲ ಬದುಕುವವರು ಕಡಮೆ. ಎರಡನೆಯ ಮಹಾಯುದ್ಧದ ತರುವಾಯ ಆಯುರ್ಮಾನ ಏರಿ, ಅರವತ್ತೈದನೆಯ ವರ್ಷದಿಂದಾಚೆಗೆ ಹತ್ತು ಹದಿನೈದು ವರ್ಷಗಳ ಆರೋಗ್ಯವಂತ ವಿರಾಮವು ಪಾಶ್ಚಾತ್ಯ ದೇಶಗಳ ಸಾಮಾನ್ಯ ನೌಕರನಿಗೂ ದೊರೆಯಿತು. ಈ ವಿರಾಮವನ್ನು ಏನು ಮಾಡಬೇಕೆಂಬ ಪ್ರಶ್ನೆ ಇತಿಹಾಸದಲ್ಲಿ ಮೊದಲ ಬಾರಿಗೆ ಜನಸಮೂಹದ ಪ್ರಶ್ನೆಯಾಯಿತು.

ವ್ಯಾಪಾರಿಗಳು ಅದಕ್ಕೆ ಬೇಗ ಉತ್ತರ ಕೊಟ್ಟರು. ಅರಿಜೋನದ ಫೀನಿಕ್ಸ್ ನಗರದ ಸಮೀಪದಲ್ಲಿ ಬೆನ್ ಷ್ಲೈಫರ್ ೧೯೫೪ರಲ್ಲಿ ವಯಸ್ಸಾದವರಿಗೆಂದೇ ಯಂಗ್‌ಟೌನ್ ಎಂಬ ಊರನ್ನು ಕಟ್ಟಿದನು. ಅದರ ನೆರೆಯಲ್ಲಿ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ, ಡೆಲ್ ವೆಬ್ ಎಂಬ ಗುತ್ತಿಗೆದಾರನು ಕಟ್ಟಿಸಿದ ಸನ್ ಸಿಟಿ ೧೯೬೦ರ ಜನವರಿ ೧ರಂದು ತೆರೆಯಿತು. ಮೊದಲ ಮೂರು ದಿನಗಳಲ್ಲಿ ಅದನ್ನು ನೋಡಲು ಸುಮಾರು ಒಂದು ಲಕ್ಷ ಜನ ಬಂದರೆಂದರೆ ಆ ಉತ್ತರವು ಎಷ್ಟು ಜನರ ಮನಸ್ಸಿಗೆ ಹಿಡಿಸಿತ್ತೆಂಬುದನ್ನು ಊಹಿಸಬಹುದು. ಗಾಲ್ಫ್ ಮೈದಾನ, ಈಜುಕೊಳ, ಅಂಗಡಿಸಾಲು, ಕುಶಲಕಲೆಗಳ ಕೊಠಡಿಗಳು, ಎಲ್ಲವೂ ಮನೆಗಳಿಗೆ ಮುಂಚೆಯೇ ಸಿದ್ಧವಾಗಿದ್ದವು. ವೃದ್ಧಾಪ್ಯವೆಂದರೆ ಸದಾಕಾಲದ ರಜೆ ಎಂಬುದೇ ಅಲ್ಲಿ ಮಾರಾಟವಾದ ಕಲ್ಪನೆ.

ಆ ಕಲ್ಪನೆಗೆ ಬದಲಾದ ಇನ್ನೊಂದು ಕಲ್ಪನೆ ಹೆಚ್ಚು ತಡವಾಗಿ ಹುಟ್ಟಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ೧೯೧೯ರಲ್ಲಿ ಸ್ಥಾಪಿತವಾಗಿ ವಯಸ್ಕರ ಶಿಕ್ಷಣಕ್ಕೆ ಹೆಸರಾಗಿದ್ದ ನ್ಯೂ ಸ್ಕೂಲ್ ಎಂಬ ವಿದ್ಯಾಸಂಸ್ಥೆಯಲ್ಲಿ ೧೯೬೨ರಲ್ಲಿ ನಿವೃತ್ತ ವೃತ್ತಿನಿರತರ ಸಂಸ್ಥೆಯೊಂದು ಆರಂಭವಾಯಿತು. ಹೈಮನ್ ಹಿರ್ಷ್ ಅದರ ಪ್ರವರ್ತಕ. ಮೊದಲ ಸದಸ್ಯರಲ್ಲಿ ನಿವೃತ್ತ ಶಾಲಾಶಿಕ್ಷಕರು ಮುಖ್ಯರು. ಅವರು ಹೊರಗಿನಿಂದ ಉಪನ್ಯಾಸಕರನ್ನು ಕರೆಸಲಿಲ್ಲ. ಸದಸ್ಯರೇ ಸರದಿಯ ಮೇಲೆ ವಿಷಯಗಳನ್ನು ಸಿದ್ಧಪಡಿಸಿ ಅಧ್ಯಯನಗೋಷ್ಠಿಗಳನ್ನು ನಡೆಸಿದರು. ವೃದ್ಧನು ಕೇಳುಗನೇ ಅಲ್ಲ, ಹೇಳುವವನೂ ಹೌದೆಂಬ ತತ್ತ್ವ ಇಲ್ಲಿ ಕಾರ್ಯರೂಪಕ್ಕೆ ಬಂದಿತು. ಆದರೆ ಹೆಸರಿನಲ್ಲಿಯೇ ಇದರ ಮಿತಿಯೂ ಅಡಗಿದೆ. ಇದು ಶಿಕ್ಷಕರು, ವಕೀಲರು, ವೈದ್ಯರ ಸಂಸ್ಥೆ. ಆ ನಗರದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿದು ನಿವೃತ್ತಳಾದ ಹೆಣ್ಣು ಇಲ್ಲಿ ಸಹಜ ಸದಸ್ಯಳಲ್ಲ.

೧೯೭೫ರ ಎಲ್ಡರ್‌ಹಾಸ್ಟೆಲ್ ಯೋಜನೆ ಇದಕ್ಕಿಂತ ವಿಶಾಲವಾದುದು. ಯೂರೋಪಿನಲ್ಲಿ ಕಾಲ್ನಡಿಗೆಯ ಸಂಚಾರ ಮಾಡಿ ಬಂದ ಮಾರ್ಟಿ ನೋಲ್ಟನ್ ಅಲ್ಲಿನ ಯುವಜನ ವಸತಿಗೃಹಗಳನ್ನೂ ಸ್ಕ್ಯಾಂಡಿನೇವಿಯದ ಜಾನಪದ ಪ್ರೌಢಶಾಲೆಗಳನ್ನೂ ಕಂಡಿದ್ದನು. ಡೆನ್ಮಾರ್ಕಿನ ಗ್ರುಂಡ್ಟ್‌ವಿಗ್‌ನ ವಿಚಾರಗಳಿಂದ ಹುಟ್ಟಿದ ಆ ಶಾಲೆಗಳಲ್ಲಿ ಮೊದಲನೆಯದು ರಾಚ್‌ಡೇಲಿನ ಸಹಕಾರಸಂಘ ಆರಂಭವಾದ ೧೮೪೪ರಲ್ಲಿಯೇ ಆರಂಭವಾದುದು ಒಂದು ಕಾಕತಾಳೀಯ. ನೋಲ್ಟನ್ ಮತ್ತು ಡೇವಿಡ್ ಬಿಯಾಂಕೊ ಬೇಸಗೆಯ ರಜೆಯಲ್ಲಿ ಬರಿದಾಗಿರುತ್ತಿದ್ದ ವಿದ್ಯಾರ್ಥಿನಿಲಯಗಳಲ್ಲಿ ವಯಸ್ಸಾದವರನ್ನು ಒಂದು ವಾರ ಇರಿಸಿ, ಅದೇ ಕಾಲೇಜಿನ ಅಧ್ಯಾಪಕರಿಂದ ಪಾಠ ಹೇಳಿಸಿದರು. ಮೊದಲ ವರ್ಷ ನ್ಯೂ ಹ್ಯಾಂಪ್‌ಷೈರಿನ ಐದು ಕಾಲೇಜುಗಳಲ್ಲಿ ಸೇರಿದವರು ೨೨೦ ಮಂದಿ. ೧೯೮೦ರ ವೇಳೆಗೆ ಈ ಯೋಜನೆ ಐವತ್ತು ಸಂಸ್ಥಾನಗಳಿಗೂ ಹಬ್ಬಿತು. ವೃದ್ಧರು ವಿದ್ಯಾರ್ಥಿಗಳ ಮಂಚದಲ್ಲಿ ಮಲಗಿ, ವಿದ್ಯಾರ್ಥಿಗಳ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಕಲಿತರು. ಕಾಲಕ್ರಮದಲ್ಲಿ ಇದೂ ವಿದ್ಯಾಯಾತ್ರೆಗಳ ಸಂಸ್ಥೆಯಾಗಿ ಮಾರ್ಪಟ್ಟು ೨೦೧೦ರಲ್ಲಿ ರೋಡ್ ಸ್ಕಾಲರ್ ಎಂಬ ಹೆಸರನ್ನು ತಳೆಯಿತು.

ಫ್ರಾನ್ಸಿನಲ್ಲಿ ನಡೆದುದು ಬೇರೆ. ೧೯೬೮ರ ವಿದ್ಯಾರ್ಥಿ ಚಳವಳಿಯ ತರುವಾಯ ಬಂದ ಉಚ್ಚ ಶಿಕ್ಷಣ ಶಾಸನವೂ ೧೯೭೧ರ ನಿರಂತರ ಶಿಕ್ಷಣ ಶಾಸನವೂ ವಿಶ್ವವಿದ್ಯಾನಿಲಯಗಳನ್ನು ಸಮಾಜದ ಕಡೆಗೆ ಮುಖಮಾಡಿಸಿದ್ದವು. ೧೯೭೩ರಲ್ಲಿ ತುಲೂಸ್ ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಪಿಯೆರ್ ವೆಲ್ಲಾ ‘ತೃತೀಯ ವಯಸ್ಸಿನ ವಿಶ್ವವಿದ್ಯಾನಿಲಯ’ವನ್ನು ತೆರೆದನು. ಪ್ರವೇಶಕ್ಕೆ ಯಾವ ಪದವಿಯೂ ಬೇಡ, ನಿವೃತ್ತಿಯ ವಯಸ್ಸಾಗಿದ್ದರೆ ಸಾಕು, ಶುಲ್ಕ ಅತ್ಯಲ್ಪ. ಪಾಠವೊಂದೇ ಅಲ್ಲದೆ ವ್ಯಾಯಾಮ, ಆರೋಗ್ಯ, ವೃದ್ಧಾಪ್ಯವನ್ನು ಕುರಿತ ಸಂಶೋಧನೆ ಇವೂ ಯೋಜನೆಯಲ್ಲಿ ಸೇರಿದ್ದವು. ವಿಶ್ವವಿದ್ಯಾನಿಲಯವು ಕೊಡುತ್ತದೆ, ವೃದ್ಧರು ಪಡೆಯುತ್ತಾರೆ ಎಂಬುದು ಇದರ ರಚನೆ. ಇದಕ್ಕೂ ಮೊದಲೇ, ೧೯೬೯ರಲ್ಲಿ, ಜಪಾನಿನ ಹ್ಯೋಗೊ ಪ್ರಾಂತದಲ್ಲಿ ಇನಾಮಿನೊ ಗಾಕುಯೆನ್ ಎಂಬ ವೃದ್ಧರ ವಿದ್ಯಾಲಯ ನಾಲ್ಕು ವರ್ಷಗಳ ಪಾಠಕ್ರಮದೊಡನೆ ಆರಂಭವಾಗಿತ್ತೆಂಬುದನ್ನು ಪಾಶ್ಚಾತ್ಯ ಬರಹಗಾರರು ಹಲವೊಮ್ಮೆ ಮರೆಯುತ್ತಾರೆ. ಚೀನದಲ್ಲಿ ಹಿರಿಯ ಅಧಿಕಾರಿಗಳನ್ನು ನಿವೃತ್ತಿಗೊಳಿಸುವ ನಿರ್ಧಾರದ ಬೆನ್ನಿಗೇ ೧೯೮೩ರಲ್ಲಿ ಷಾನ್‌ಡಾಂಗ್ ಪ್ರಾಂತದಲ್ಲಿ ಮೊದಲ ವೃದ್ಧರ ವಿಶ್ವವಿದ್ಯಾನಿಲಯ ಹುಟ್ಟಿತು. ಅಲ್ಲಿಯೂ ಮೊದಲ ವಿದ್ಯಾರ್ಥಿಗಳು ನಿವೃತ್ತ ಅಧಿಕಾರಿಗಳೇ.

ತುಲೂಸಿನ ಕಲ್ಪನೆ ಇಂಗ್ಲೆಂಡನ್ನು ಸೇರಿದಾಗ ತಲೆಕೆಳಗಾಯಿತು. ಈ ಘಟ್ಟವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ೧೯೮೧ರಲ್ಲಿ ಕೇಂಬ್ರಿಜ್ಜಿನಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡವರು ಪೀಟರ್ ಲ್ಯಾಸ್ಲೆಟ್, ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ಎಂಬ ಮೂವರು. ಯಂಗ್ ಸಮಾಜಶಾಸ್ತ್ರಜ್ಞ. ಲ್ಯಾಸ್ಲೆಟ್ ನಮಗೆ ವಿಶೇಷವಾಗಿ ಸಂಬಂಧಪಟ್ಟವನು, ಅವನು ಇತಿಹಾಸಕಾರ. ಹಳೆಯ ಚರ್ಚುಗಳ ದಾಖಲೆಗಳಿಂದ ಕುಟುಂಬಗಳ ಗಾತ್ರವನ್ನೂ ಜನನಮರಣಗಳನ್ನೂ ಎಣಿಸಿ, ಪೂರ್ವಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಅವಿಭಕ್ತ ಕುಟುಂಬಗಳಿದ್ದುವೆಂಬ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಅವನು ಪ್ರಮುಖ. ಹಿಂದಿನ ಕಾಲದಲ್ಲಿ ಇಷ್ಟು ಸಂಖ್ಯೆಯ ಆರೋಗ್ಯವಂತ ವೃದ್ಧರು ಎಂದೂ ಇರಲಿಲ್ಲವಾದ್ದರಿಂದ ಅವರಿಗೆ ಹಳೆಯ ಮಾದರಿಯೂ ಇಲ್ಲವೆಂಬುದು ಅವನ ಅಂಕಿಗಳಿಂದ ಬಂದ ತೀರ್ಮಾನ. ೧೯೮೯ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಆಯುಸ್ಸನ್ನು ನಾಲ್ಕಾಗಿ ವಿಂಗಡಿಸಿದನು: ಪರಾಧೀನತೆಯ ಬಾಲ್ಯ, ಸಂಪಾದನೆಯ ಪ್ರೌಢಿ, ಸ್ವಂತ ಸಾಫಲ್ಯದ ತೃತೀಯ ವಯಸ್ಸು, ಮತ್ತೆ ಪರಾಧೀನವಾದ ಚತುರ್ಥ ವಯಸ್ಸು.

ಕೇಂಬ್ರಿಜ್ಜಿನ ಮಾದರಿಯಲ್ಲಿ ಯಾವ ವಿಶ್ವವಿದ್ಯಾನಿಲಯದ ಆಶ್ರಯವೂ ಬೇಡ, ಸಂಬಳದ ಅಧ್ಯಾಪಕರೂ ಬೇಡ. ಸದಸ್ಯರಲ್ಲಿ ತಿಳಿದವರು ತಿಳಿಯದವರಿಗೆ ಹೇಳುವರು. ಒಂದು ವಿಷಯದ ಶಿಕ್ಷಕನು ಇನ್ನೊಂದರಲ್ಲಿ ಶಿಷ್ಯ. ಸಭೆ ಸೇರುವುದು ಯಾರದೋ ಮನೆಯ ನಡುಮನೆಯಲ್ಲಿ, ಇಲ್ಲವೆ ಊರಿನ ಸಭಾಭವನದಲ್ಲಿ. ಹಾಗಿದ್ದರೂ ‘ವಿಶ್ವವಿದ್ಯಾನಿಲಯ’ ಎಂಬ ಹೆಸರನ್ನು ಬಿಡಲಿಲ್ಲ; ಆ ಶಬ್ದವು ಮೊದಲು ಸೂಚಿಸುತ್ತಿದ್ದುದು ಕಟ್ಟಡವನ್ನಲ್ಲ, ಕಲಿಯುವವರ ಸಂಘವನ್ನು ಎಂಬುದು ಅವರ ಸಮರ್ಥನೆ. ಮಧ್ಯಯುಗದ ಇತಿಹಾಸ ಈ ಮಾತನ್ನು ಪುಷ್ಟೀಕರಿಸುತ್ತದೆ. ಬ್ರಿಟನ್ನಿನಲ್ಲಿ ಇಂದು ಇಂಥ ಸಂಘಗಳು ಸಾವಿರಕ್ಕೂ ಹೆಚ್ಚಾಗಿವೆ. ಖರ್ಚು ಕಡಮೆಯಾದುದರಿಂದ ಸರ್ಕಾರದ ಕೃಪೆಯನ್ನಾಗಲಿ ದಾನಿಗಳ ಮರ್ಜಿಯನ್ನಾಗಲಿ ಕಾಯಬೇಕಾಗಿಲ್ಲ. ನಾರ್ತಂಬರ್‌ಲೆಂಡಿನ ಗಣಿಕಾರ್ಮಿಕರನ್ನು ಕೆಡವಿದ ಕಷ್ಟಕ್ಕೆ ದೊರೆತ ಅತ್ಯಂತ ಸಮರ್ಪಕವಾದ ಪರಿಹಾರ ಇದೆಂದು ನನ್ನ ಅಭಿಪ್ರಾಯ. ಆದರೆ ಕಲಿಸಲು ತನ್ನಲ್ಲಿ ಏನಾದರೂ ಉಂಟೆಂಬ ಧೈರ್ಯವಿರುವವನೇ ಇಲ್ಲಿಗೆ ಬರುತ್ತಾನೆ. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟವನಲ್ಲಿ ಅದು ಸುಲಭವಾಗಿ ಮೂಡದು. ನಡೆದು ಬರಲಾರದ ಚತುರ್ಥ ವಯಸ್ಸಿನವರಂತೂ ಈ ಭೂಪಟದ ಅಂಚಿನಿಂದಾಚೆಗೆ ಉಳಿದರು.

ಇನ್ನು ಮತ್ತೆ ಅಮೆರಿಕದ ವಸತಿಗಳಿಗೆ ಬರೋಣ. ಕ್ವೇಕರ್ ಪಂಥದವರ ಪ್ರೇರಣೆಯಿಂದ ಬೆಳೆದ ಕೆಂಡಾಲ್ ವಸತಿಗಳು ೧೯೯೧ರಲ್ಲಿ ಡಾರ್ಟ್‌ಮತ್ ಕಾಲೇಜಿರುವ ಹ್ಯಾನೋವರ್‌ನಲ್ಲಿಯೂ ೧೯೯೩ರಲ್ಲಿ ಓಬರ್ಲಿನ್ ಕಾಲೇಜಿರುವ ಊರಿನಲ್ಲಿಯೂ ತೆರೆದುವು. ಕಾಲೇಜು ಪಟ್ಟಣದ ಸಾಮೀಪ್ಯವೇ ಇವುಗಳ ಆಕರ್ಷಣೆ. ಮ್ಯಾಸಚೂಸೆಟ್ಸಿನ ನ್ಯೂಟನ್ ಎಂಬಲ್ಲಿ ಲಾಸೆಲ್ ಕಾಲೇಜಿನ ಆವರಣದಲ್ಲಿಯೇ ೨೦೦೦ದಲ್ಲಿ ಸ್ಥಾಪಿತವಾದ ಲಾಸೆಲ್ ವಿಲೇಜ್ ಇನ್ನೂ ಮುಂದೆ ಹೋಯಿತು: ಅಲ್ಲಿ ವಾಸಿಸುವವರು ವರ್ಷಕ್ಕೆ ೪೫೦ ಗಂಟೆಗಳಷ್ಟು ಕಲಿಕೆಯ ಚಟುವಟಿಕೆಗಳಲ್ಲಿ ತೊಡಗಬೇಕೆಂಬುದು ನಿಯಮ. ವ್ಯಾಯಾಮವೂ ಲೆಕ್ಕಕ್ಕೆ ಸೇರುತ್ತದಾದರೂ, ದಿನಕ್ಕೆ ಒಂದು ಗಂಟೆಗೂ ಮೀರಿದ ಈ ಕಟ್ಟುಪಾಡು ನಮ್ಮ ಕೆಲವು ಕಾಲೇಜು ವಿದ್ಯಾರ್ಥಿಗಳಿಗೂ ಕಠಿನವೆನಿಸೀತು. ೨೦೦೧ರಿಂದೀಚೆಗೆ ಬರ್ನಾರ್ಡ್ ಓಷರ್ ಪ್ರತಿಷ್ಠಾನವು ದಕ್ಷಿಣ ಮೇನ್ ವಿಶ್ವವಿದ್ಯಾನಿಲಯದಿಂದ ಮೊದಲ್ಗೊಂಡು ದೇಶಾದ್ಯಂತ ನೂರಿಪ್ಪತ್ತಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಲ್ಲಿ ಹಿರಿಯರ ಕಲಿಕೆಯ ಕೇಂದ್ರಗಳಿಗೆ ದತ್ತಿ ನೀಡಿತು. ಈ ಕೇಂದ್ರಗಳ ಪೈಕಿ ಹಲವು ತಮ್ಮ ಪಾಠಗಳನ್ನು ನಿವೃತ್ತರ ವಸತಿಗಳೊಳಕ್ಕೂ ಕೊಂಡೊಯ್ಯುತ್ತವೆ. ವಿಶ್ವವಿದ್ಯಾನಿಲಯದಿಂದ ಹೊರಟ ಉಪನ್ಯಾಸಕನು, ಸ್ಟೂವರ್ಟನ ಹಾಗೆಯೇ, ಕೇಳುಗರಿದ್ದಲ್ಲಿಗೆ ಹೋಗುತ್ತಾನೆ.

ಆದರೆ ಸ್ಟೂವರ್ಟನ ನಾಲ್ಕು ಅಂಗಗಳಲ್ಲಿ ಉಳಿದುದೆಷ್ಟು? ಕ್ರಮಬದ್ಧವಾದ ಮಾಲೆ ಆರೆಂಟು ವಾರಗಳಿಗೆ ಇಳಿದಿದೆ. ಹಲವು ವಸತಿಗಳಲ್ಲಿ ಅದೂ ಇಲ್ಲದೆ, ಪ್ರತಿ ವಾರವೂ ಹೊಸ ವಿಷಯ, ಹೊಸ ಭಾಷಣಕಾರ. ಅಚ್ಚಾದ ಸಾರಾಂಶದ ಸ್ಥಾನವನ್ನು ಪರದೆಯ ಮೇಲಿನ ಚಿತ್ರಗಳು ಹಿಡಿದಿವೆ. ಲಿಖಿತ ಉತ್ತರ ಸಂಪೂರ್ಣವಾಗಿ ಮಾಯವಾಗಿದೆ. ಚರ್ಚೆಯು ಕೊನೆಯ ಹದಿನೈದು ನಿಮಿಷಗಳ ಪ್ರಶ್ನೋತ್ತರವಾಗಿದೆ. ಪರೀಕ್ಷೆಯ ಭಯವಿಲ್ಲದಿರುವುದು ಒಳ್ಳೆಯದೇ; ಆದರೆ ಬರೆದುದನ್ನು ಇನ್ನೊಬ್ಬರು ಓದಿ ತಿದ್ದುವರೆಂಬ ಎಚ್ಚರವೂ ಅದರೊಡನೆ ಹೋಯಿತು. ವೃದ್ಧರಿಗೆ ಅಷ್ಟು ಶ್ರಮ ಬೇಡವೆಂದು ವಾದಿಸುವವರಿಗೆ ನ್ಯೂಯಾರ್ಕಿನ ೧೯೬೨ರ ಗೋಷ್ಠಿಗಳೇ ಉತ್ತರ: ಅಲ್ಲಿ ವಿಷಯವನ್ನು ಸಿದ್ಧಪಡಿಸಿ ನಿಂತು ಹೇಳಿದವರು ವೃದ್ಧರೇ. ದಯೆಯ ಹೆಸರಿನಲ್ಲಿ ಕಲಿಯುವವನಿಂದ ಶ್ರಮವನ್ನು ಕಿತ್ತುಕೊಳ್ಳುವುದು ಒಂದು ಬಗೆಯ ಅನಾದರವೇ ಸರಿ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಪಕ್ಷದ ಸಾಕ್ಷ್ಯವನ್ನೂ ಮುಂದಿಡಬೇಕು, ಇಲ್ಲವಾದರೆ ನ್ಯಾಯವಾಗದು. ಈ ಉಪನ್ಯಾಸಗಳ ಸಭೆಗಳಲ್ಲಿ ಹೆಂಗಸರೇ ಹೆಚ್ಚು. ಶತಮಾನದ ತಿರುವಿನಲ್ಲಿ ಎಪ್ಪತ್ತು ಎಂಬತ್ತು ವರ್ಷದವರಾಗಿ ಈ ಮಂದಿರಗಳಲ್ಲಿ ಕುಳಿತವರು ೧೯೨೦–೩೦ರ ದಶಕಗಳಲ್ಲಿ ಹುಟ್ಟಿದವರು. ಆ ಪೀಳಿಗೆಯಲ್ಲಿ ಅಣ್ಣತಮ್ಮಂದಿರು ಕಾಲೇಜಿಗೆ ಹೋದರೂ ತಾವು ಹೋಗಲಾರದೆ, ಮದುವೆಯ ಸಲುವಾಗಿ ಓದನ್ನು ನಿಲ್ಲಿಸಿ, ಮನೆ ಮಕ್ಕಳಿಗೆ ಆಯುಸ್ಸನ್ನು ಸವೆಸಿದ ಸ್ತ್ರೀಯರು ಅಸಂಖ್ಯರು. ಗಂಡನ ಪಿಂಚಣಿ ಅವರನ್ನು ಅನುಕೂಲಸ್ಥರ ವಸತಿಗೆ ತಂದಿರಬಹುದು. ವಿಶ್ವವಿದ್ಯಾನಿಲಯದ ಮಟ್ಟಿಗೆ ಅವರು ಹೊರಗಿನವರೇ. ೧೮೬೭ರಲ್ಲಿ ಲೀಡ್ಸ್ ನಗರದಲ್ಲಿ ಖಗೋಳವಿಜ್ಞಾನವನ್ನು ಕೇಳಲು ಬಂದ ಸ್ತ್ರೀಯರಿಗೂ ಇವರಿಗೂ ಇರುವ ಅಂತರ ತೋರಿಕೆಗಿಂತ ಕಡಮೆ. ಎರಡನೆಯದಾಗಿ, ಲ್ಯಾಸ್ಲೆಟ್ ಭೂಪಟದಿಂದ ಬಿಟ್ಟುಹೋದ ಚತುರ್ಥ ವಯಸ್ಸಿನವರನ್ನು ತಲಪಿದ ಉಪನ್ಯಾಸವಿದ್ದರೆ ಅದು ವಸತಿಯೊಳಗಿನ ಈ ಉಪನ್ಯಾಸವೇ. ಶುಶ್ರೂಷಾವಿಭಾಗದಿಂದ ಗಾಲಿಕುರ್ಚಿಯಲ್ಲಿ ಬಂದು ಕುಳಿತುಕೊಳ್ಳುವವರಿಗೆ ಕೇಂಬ್ರಿಜ್ಜಿನ ನಡುಮನೆಯ ಗೋಷ್ಠಿ ಎಂದೂ ನಿಲುಕುತ್ತಿರಲಿಲ್ಲ.

ಸಂಶೋಧಕರ ಗಮನಕ್ಕೆ ಒಂದು ಮಾತು. ಈ ಸಂಸ್ಥೆಗಳು ಬಿಟ್ಟುಹೋಗುವ ಕಾಗದಪತ್ರಗಳೆಂದರೆ ಕಾರ್ಯಕ್ರಮಪಟ್ಟಿಗಳು, ಸದಸ್ಯರ ಎಣಿಕೆ, ಪ್ರಶಂಸೆಯ ಪತ್ರಗಳು. ಬಂದವರ ವಿಚಾರ ಇವುಗಳಿಂದ ತಿಳಿಯುತ್ತದೆ. ಬಾರದವರ ವಿಚಾರ ತಿಳಿಯದು. ಅಂಥ ವಸತಿಗಳಲ್ಲಿ ಅಡಿಗೆ ಮಾಡಿ, ನೆಲ ಗುಡಿಸಿ, ರೋಗಿಗಳನ್ನು ಎತ್ತಿ ಮಲಗಿಸಿ ತಾವೂ ವೃದ್ಧರಾಗುವ ಕೆಲಸಗಾರರು ಉಪನ್ಯಾಸಮಂದಿರದ ಬಾಗಿಲಲ್ಲಿ ನಿಂತು ಏನನ್ನಾದರೂ ಕೇಳಿಸಿಕೊಂಡರೇ ಎಂಬುದನ್ನು ಯಾವ ಪಟ್ಟಿಯೂ ಬರೆದಿಡುವುದಿಲ್ಲ.

ನಮ್ಮ ದೇಶದ ಸಂಬಂಧವನ್ನು ಕುರಿತು ಸಂಕ್ಷೇಪವಾಗಿ ಹೇಳಬೇಕಾಗಿದೆ. ಇಂಗ್ಲೆಂಡಿನ ಪ್ರಸಾರೋಪನ್ಯಾಸದ ಕಲ್ಪನೆ ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಚಾರೋಪನ್ಯಾಸವೆಂಬ ಹೆಸರಿನಿಂದ ಕನ್ನಡದಲ್ಲಿ ಬೇರೂರಿತು. ಊರೂರುಗಳಲ್ಲಿ ವಿಜ್ಞಾನ, ಇತಿಹಾಸ, ಆರೋಗ್ಯ ವಿಷಯಗಳ ಮೇಲೆ ಕನ್ನಡದಲ್ಲಿ ಉಪನ್ಯಾಸಗಳು ನಡೆದು, ಅಲ್ಪಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾದವು. ಸ್ಟೂವರ್ಟನ ಅಚ್ಚಾದ ಸಾರಾಂಶಕ್ಕೆ ಆ ಕಿರುಹೊತ್ತಗೆಗಳು ಒಳ್ಳೆಯ ಸಮಾನಾಂತರ. ಇನ್ನೊಂದು ಬಗೆಯದು ಬೆಂಗಳೂರಿನಲ್ಲಿ ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಸ್ವತಃ ಯಾವ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಏರದ ಗುಂಡಪ್ಪನವರು ಅಲ್ಲಿ ದಶಕಗಳ ಕಾಲ ಅಧ್ಯಯನಗೋಷ್ಠಿಗಳನ್ನು ನಡೆಸಿದರು. ನಿವೃತ್ತರ ಊರೆಂದೇ ಹೆಸರಾಗಿದ್ದ ಬೆಂಗಳೂರಿನಲ್ಲಿ, ವಯಸ್ಸಿನ ಎಲ್ಲೆಯನ್ನು ಹಾಕದೆ, ಕಾಲೇಜಿನ ಹುಡುಗನನ್ನೂ ಪಿಂಚಣಿದಾರನನ್ನೂ ಒಂದೇ ಚಾಪೆಗೆ ಕರೆದ ಈ ಕ್ರಮವು, ವೃದ್ಧರನ್ನು ಪ್ರತ್ಯೇಕಿಸಿ ಕೂರಿಸುವ ಸನ್ ಸಿಟಿಯ ಕ್ರಮಕ್ಕೆ ನೇರವಾಗಿ ವಿರುದ್ಧವಾದುದು.

ಇತ್ತೀಚಿನ ದಶಕಗಳಲ್ಲಿ ಬೆಂಗಳೂರು, ಕೊಯಮತ್ತೂರು ಮೊದಲಾದ ನಗರಗಳ ಹೊರವಲಯದಲ್ಲಿಯೂ ನಿವೃತ್ತರ ವಸತಿಗಳು ಎದ್ದಿವೆ. ಅಲ್ಲಿಯೂ ಉಪನ್ಯಾಸಗಳು ನಡೆಯುತ್ತಿವೆ. ಆದರೆ ಅವುಗಳನ್ನು ನೋಡಿ ನಮ್ಮ ದೇಶದ ವೃದ್ಧರ ಕಲಿಕೆಯನ್ನು ಅಳೆಯಲಾಗದು. ನಮ್ಮಲ್ಲಿ ಬಹುಜನರು ನಿವೃತ್ತರಾಗುವುದೇ ಇಲ್ಲ. ಹೊಲದಲ್ಲಿಯೋ ಅಂಗಡಿಯಲ್ಲಿಯೋ ಕೈ ಸೋಲುವವರೆಗೆ ದುಡಿಯುತ್ತಾರೆ. ೨೦೧೧ರ ಜನಗಣತಿಯಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ಅವರಲ್ಲಿ ಅಕ್ಷರ ಬಲ್ಲವರು ಶೇಕಡ ೪೪, ಹೆಂಗಸರಲ್ಲಿ ಶೇಕಡ ೨೮ ಮಾತ್ರ. ಇಂಥವರಿಗೆ ಕಲಿಕೆ ಷೇಕ್ಸ್‌ಪಿಯರನಿಂದಲ್ಲ, ‘ಅ’ಕಾರದಿಂದ ಮೊದಲಾಗಬೇಕು. ೧೯೮೮ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಆಂದೋಲನವು ತನ್ನ ಗುರಿಯನ್ನು ಹದಿನೈದರಿಂದ ಮೂವತ್ತೈದು ವರ್ಷ ವಯಸ್ಸಿನವರಿಗೆ ಸೀಮಿತಗೊಳಿಸಿಕೊಂಡಿತ್ತು. ಮೂವತ್ತೈದರ ಮೇಲಿನ ಎಲ್ಲೆಯನ್ನು ತೆಗೆದು, ಹದಿನೈದು ತುಂಬಿದ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ೨೦೦೯ರ ಸಾಕ್ಷರ ಭಾರತ ಯೋಜನೆ. ನಡುವಣ ಆ ಇಪ್ಪತ್ತೊಂದು ವರ್ಷಗಳಲ್ಲಿ ಊರಿನ ಸಂಜೆಯ ತರಗತಿಗೆ ಸೊಸೆಯನ್ನು ಕರೆದರು. ಅತ್ತೆಯ ಹೆಸರು ಪಟ್ಟಿಯಲ್ಲಿ ಇರಬೇಕಾಗಿರಲಿಲ್ಲ.